ತುಂಗಾ ಕೂತ ಹನ್ನೊಂದು ಬ್ಯಾಗು

ತುಂಗಾ ಮೊದಲ ಸಲ ಸುಮ್ಮಸುಮ್ಮನೆ ಕೂತಿದ್ದು ಹಗ್ಗ ಕಟ್ಟಿದ ಒಂದು ರಟ್ಟಿನ ಪೆಟ್ಟಿಗೆಯ ಮುಂದೆ. ಬಿಚ್ಚಿ ನೋಡಿದರೆ ಒಳಗೆ ಎರಡು ಡಬ್ಬಿ ಉಪ್ಪಿನಕಾಯಿ, ಒಂದು ಪ್ರೆಶರ್ ಕುಕ್ಕರ್, ಹಳೆ ಸೀರೆಯಲ್ಲಿ ಸುತ್ತಿದ ದೇವರ ಫೋಟೊ. ಮಗಳ ಬಾಣಂತನಕ್ಕೆಂದು ದೆಹಲಿಗೆ ಹೊರಟಿದ್ದ ಆ ಹೆಂಗಸು ಕುಕ್ಕರಿನ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು, "ಇದ್ರಲ್ಲೇನಿರುತ್ತೆ ಸಾರ್, ನೀವೇ ನೋಡಿ" ಅಂತ ಮೂರು ಸಲ ಹೇಳಿದರು. "ಆಯ್ತಮ್ಮ, ಕಟ್ಕೊಂಡು ಹೊರಡಿ" ಅಂದೆ. ರಿಜಿಸ್ಟರಿನಲ್ಲಿ ಒಂದು ಸಾಲು ಬರೆದೆ. ಉಪ್ಪಿನಕಾಯಿಯ ಘಾಟಿಗೆ ನಾಯಿ ಗಲಿಬಿಲಿಗೊಂಡಿರಬೇಕು ಅಂದುಕೊಂಡು ಅಲ್ಲಿಗೇ ಮರೆತೆ.

ತುಂಗಾ ಐದು ವರ್ಷದ ಹೆಣ್ಣು ಲ್ಯಾಬ್ರಡಾರ್. ಸ್ಫೋಟಕದ ವಾಸನೆ ಹಿಡಿಯುವುದು ಅವಳ ಕೆಲಸ, ಅವಳ ಪಟ್ಟಿ ಹಿಡಿಯುವುದು ನನ್ನ ಕೆಲಸ. ಮೂರು ವರ್ಷದಿಂದ ಇಬ್ಬರೂ ಏರ್‌ಪೋರ್ಟ್ ಡ್ಯೂಟಿಯಲ್ಲಿದ್ದೆವು. ಆಗ ಬೆಂಗಳೂರಿಗೆ ಇದ್ದದ್ದು ಅದೊಂದೇ ಏರ್‌ಪೋರ್ಟು, ಮುರುಗೇಶ್‌ಪಾಳ್ಯದ ಪಕ್ಕದಲ್ಲಿ. ವಾಸನೆ ಸಿಕ್ಕರೆ ಅವಳು ಬೊಗಳುವಂತಿಲ್ಲ, ಕಾಲಲ್ಲಿ ಕೆರೆಯುವಂತಿಲ್ಲ. ಬಾಂಬಿನ ಮುಂದೆ ಅಂಥ ಆಟ ನಡೆಯುವುದಿಲ್ಲ. ವಸ್ತುವಿನ ಕಡೆ ಮೂಗು ಮಾಡಿ ಸುಮ್ಮನೆ ಕೂರಬೇಕು. ಅವಳು ಕೂತ ಕೂಡಲೇ ನಾನು ಅವಳನ್ನು ಎರಡು ಹೆಜ್ಜೆ ಹಿಂದಕ್ಕೆ ತಂದು ಕೈ ಎತ್ತಬೇಕು. ಆಮೇಲೆ ಜನರನ್ನು ಸರಿಸುವುದು, ಬಾಂಬ್ ನಿಷ್ಕ್ರಿಯ ದಳದವರನ್ನು ಕರೆಯುವುದು ಬೇರೆಯವರ ಪಾಲು. ಸರಿಯಾಗಿ ಹುಡುಕಿದ್ದಕ್ಕೆ ತುಂಗಾಳಿಗೆ ಸಿಗುತ್ತಿದ್ದದ್ದು ಒಂದು ರಬ್ಬರ್ ಬಾಲು. ಒಂದು ನಿಮಿಷ ಅದನ್ನು ಕಚ್ಚಿಕೊಂಡು ಕುಣಿಯುವುದಕ್ಕಾಗಿ ಅವಳು ಇಡೀ ದಿನ ದುಡಿಯುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ದೇಶದಲ್ಲೆಲ್ಲ ಅಲರ್ಟು. ನಮ್ಮ ಮೂರು ನಾಯಿಗಳಲ್ಲಿ ಒಂದಕ್ಕೆ ಕಾಯಿಲೆಯಾಗಿ ಎರಡೇ ಉಳಿದವು. ನಿಯಮದ ಪ್ರಕಾರ ನಾಯಿ ಇಪ್ಪತ್ತು ನಿಮಿಷ ಮೂಸಿದರೆ ಅಷ್ಟೇ ಹೊತ್ತು ವಿಶ್ರಾಂತಿ ಕೊಡಬೇಕು. ನಾಲಿಗೆ ಹೊರಹಾಕಿ ಏದುಸಿರು ಬಿಡುವ ನಾಯಿ ಬಾಯಲ್ಲಿ ಉಸಿರಾಡುತ್ತದೆಯೇ ಹೊರತು ಮೂಸುವುದಿಲ್ಲ. ಆ ದಿನಗಳಲ್ಲಿ ಇಪ್ಪತ್ತು ನಿಮಿಷ ಐವತ್ತಾಗುತ್ತಿತ್ತು. ನೆಲಕ್ಕೆ ದಿನಕ್ಕೆ ನಾಲ್ಕು ಸಲ ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ತುಂಗಾಳ ಪಾದ ಬಿರಿದು, ಸಂಜೆ ಕೊಬ್ಬರಿ ಎಣ್ಣೆ ಹಚ್ಚುವಾಗ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ನನ್ನ ಕಾಲೂ ಊದಿಕೊಂಡು ಬೂಟಿನ ಲೇಸು ಪೂರ್ತಿ ಕಟ್ಟಲು ಆಗುತ್ತಿರಲಿಲ್ಲ. ವಾರದ ರಜೆ ಎಂಬುದು ಕಾಗದದ ಮೇಲೆ ಮಾತ್ರ ಇತ್ತು.

ಪ್ರತಿ ಬೆಳಿಗ್ಗೆ ಬ್ರೀಫಿಂಗ್‌ನಲ್ಲಿ ಇನ್‌ಸ್ಪೆಕ್ಟರ್ ಒಂದೇ ಮಾತು ಹೇಳುತ್ತಿದ್ದರು: "ಒಂದೇ ಒಂದು ತಪ್ಪಿದ್ರೂ ನನ್ನ ತಲೆ ಹೋಗುತ್ತೆ, ನಿಮ್ಮದೂ ಹೋಗುತ್ತೆ. ಅನುಮಾನ ಬಂದ್ರೆ ಬಿಡಬೇಡಿ." ಅವರು ಹೇಳಿದ್ದು ಅಷ್ಟೇ. ಯಾರ ಮೇಲೆ ಅನುಮಾನ ಅಂತ ಅವರು ಹೇಳಿರಲಿಲ್ಲ. ಅದನ್ನು ತುಂಬಿಕೊಂಡಿದ್ದು ನಾನು.

ಇನ್ನೊಂದು ನಾಯಿಯ ಹ್ಯಾಂಡ್ಲರ್ ಕೆ.ಆರ್. ಪುರದವನು. ಅವನ ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹದಿನಾಲ್ಕು ಬಾಡಿಗೆ ಮನೆಗಳು. ಯೂನಿಫಾರ್ಮಿನ ಕಾಲರಿನೊಳಗೆ ಬೆರಳು ದಪ್ಪದ ಚಿನ್ನದ ಚೈನು. ಹೊತ್ತು ಕಳೆಯಲು ಕೆಲಸಕ್ಕೆ ಬರುವವನು ಅಂತ ನಾನು ಅವನನ್ನು ಒಳಗೊಳಗೇ ಹಗುರವಾಗಿ ನೋಡುತ್ತಿದ್ದೆ. ಅವನು ಪ್ರಯಾಣಿಕರ ಮುಖ ನೋಡುತ್ತಲೇ ಇರಲಿಲ್ಲ. ನಾಯಿಯ ಬಾಲ ನೋಡಿಕೊಂಡು, ಏನೋ ಗುನುಗಿಕೊಂಡು ಸಾಲಿನುದ್ದಕ್ಕೂ ಹೋಗಿಬಿಡುತ್ತಿದ್ದ. "ಸ್ವಲ್ಪ ಜನರ ಕಡೆನೂ ನೋಡು ಮಾರಾಯ" ಅಂದರೆ, "ಗಾಡಿ ಓಡ್ಸೋದು ನಾಯಿ, ಗುರು. ನಾನು ಬರೀ ಕಂಡಕ್ಟರ್" ಅಂತ ನಗುತ್ತಿದ್ದ.

ನಾನು ಹಾಗಲ್ಲ. ನಾನು ಮುಖ ನೋಡುತ್ತಿದ್ದೆ, ಕೈ ನೋಡುತ್ತಿದ್ದೆ, ಯಾರು ಬೆವರುತ್ತಿದ್ದಾರೆ, ಯಾರು ಸಾಲಿನಲ್ಲಿ ಮೊದಲ ಸಲ ನಿಂತವರಂತೆ ಅತ್ತಿತ್ತ ನೋಡುತ್ತಿದ್ದಾರೆ ಅಂತ ನೋಡುತ್ತಿದ್ದೆ. ನನ್ನ ಕಣ್ಣಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಎರಡನೆಯ ಸಲ ಕೂತಿದ್ದು ವಯಸ್ಸಾದ ಒಬ್ಬರ ಬಟ್ಟೆಗಂಟಿನ ಮುಂದೆ. ಅವರ ಜೇಬಿನಲ್ಲಿ ಹೃದಯದ ಮಾತ್ರೆ ಇತ್ತು. ಆ ಮಾತ್ರೆಯಲ್ಲಿರುವ ಮದ್ದು ಮತ್ತು ಬಂಡೆ ಸಿಡಿಸುವ ಮದ್ದು ಒಂದೇ ಕುಲದವು ಅಂತ ನಮಗೆ ಪಾಠದಲ್ಲಿ ಹೇಳಿದ್ದರು. ನಾನು ಅದನ್ನೇ ಬರೆದೆ. ಮೂರನೆಯವರು ಕಲ್ಲುಕ್ವಾರಿಯ ಊರಿನವರು, ಹಾಗಾಗಿ ಧೂಳು. ನಾಲ್ಕನೆಯ ಚೀಲದಲ್ಲಿ ಹಿಂದೆ ಗೊಬ್ಬರ ತುಂಬಿದ್ದರು. ಪ್ರತಿ ಸಲ ಒಂದು ಕಾರಣ ಸಿಗುತ್ತಿತ್ತು. ಕಾರಣ ಸಿಕ್ಕಿದ್ದರಿಂದ ಪ್ರತಿ ಸಲ ತುಂಗಾಳಿಗೆ ಬಾಲು ಕೊಟ್ಟೆ. ಆ ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪುಗಳಲ್ಲಿ ಅದೂ ಒಂದು ಅಂತ ಆಮೇಲೆ ತಿಳಿಯಿತು.

ಐದನೆಯದಾದ ಮೇಲೆ ಇನ್‌ಸ್ಪೆಕ್ಟರ್ ಕರೆದರು. "ಏನ್ರೀ ಇದು, ನಿಮ್ಮ ನಾಯಿ ಸಿಕ್ಕಸಿಕ್ಕ ಕಡೆ ಕೂರ್ತಿದೆ?" ಪಶುವೈದ್ಯರು ಮೂಗು, ಹಲ್ಲು, ಕಿವಿ ನೋಡಿದರು, ರಕ್ತ ತೆಗೆದು ಕಳಿಸಿದರು. ಎಲ್ಲ ಸರಿಯಿತ್ತು. ನಾಯಿಗಳಿಗೆ ವಾಸನೆ ಕಲಿಸಲು ನಾವಿಟ್ಟುಕೊಂಡಿದ್ದ ಸ್ಫೋಟಕದ ಸ್ಯಾಂಪಲ್ಲುಗಳು ಒಂದರ ವಾಸನೆ ಒಂದಕ್ಕೆ ತಗಲಿ ಕೆಟ್ಟಿರಬಹುದೇ ಅಂತ ಬೀರು ಖಾಲಿ ಮಾಡಿ, ಹೊಸ ಸ್ಯಾಂಪಲ್ ತರಿಸಿ, ಬೇರೆ ಬೇರೆ ಗಾಜಿನ ಬಾಟಲಿಯಲ್ಲಿಟ್ಟೆವು. ಕೆನಲಿನ ಹಿಂದಿನ ಅಂಗಳದಲ್ಲಿ ಮರದ ಡಬ್ಬಿಗಳನ್ನು ಸಾಲಾಗಿಟ್ಟು ಪರೀಕ್ಷೆ ಮಾಡಿದೆವು. ಡಬ್ಬಿಯಲ್ಲಿ ಸ್ಯಾಂಪಲ್ ಇಟ್ಟವನು ನಾನೇ, ತುಂಗಾಳನ್ನು ನಡೆಸಿದವನೂ ನಾನೇ. ಆರಕ್ಕೆ ಆರು ಸರಿ. ಇನ್‌ಸ್ಪೆಕ್ಟರ್ ಸಮಾಧಾನದಿಂದ ಸಹಿ ಹಾಕಿದರು. ಆ ಪರೀಕ್ಷೆಯಲ್ಲಿ ಏನು ತಪ್ಪಿತ್ತು ಅಂತ ಆಗ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಮುಂದಿನ ವಾರದಿಂದ ಮತ್ತೆ ಶುರುವಾಯಿತು.

ಒಂಬತ್ತನೆಯವರನ್ನು ನಾನು ಮರೆತಿಲ್ಲ. ಶಿವಾಜಿನಗರದವರು, ನಲವತ್ತೈದರ ಆಸುಪಾಸು, ಬಿಳಿ ಟೋಪಿ, ಮೆಹಂದಿ ಹಚ್ಚಿದ ಗಡ್ಡ. ಮಧ್ಯಾಹ್ನದ ವಿಮಾನದಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಗಲ್ಫಿಗೆ ಹೊರಟವರು. ಕಾರಿನ ಸೀಟು ಹೊಲಿಯುವ ಕಸುಬು. ಅಲ್ಲಿನ ಯಾವುದೋ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತ್ತು. ಕಂದು ರೆಕ್ಸಿನ್ನಿನ ಉದ್ದನೆಯ ಬ್ಯಾಗು, ತಾವೇ ಹೊಲಿದದ್ದು. ಪ್ಲಾಸ್ಟಿಕ್ ಫೈಲನ್ನು ಎದೆಗೆ ಒತ್ತಿ ಹಿಡಿದಿದ್ದರು. ನಾನು ಅವರನ್ನು ಆರು ಜನರ ಹಿಂದಿನಿಂದಲೇ ನೋಡಿದ್ದೆ.

ತುಂಗಾ ಆ ಬ್ಯಾಗಿನ ಹತ್ತಿರ ಬಂದು ಒಂದು ಕ್ಷಣ ನಿಂತು ಕೂತಳು.

ನಾನು ಕೈ ಎತ್ತಿದೆ. ಸಾಲು ಚದುರಿತು. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಓಡಿದರು. ಬ್ಯಾಗಿನವರನ್ನು ಇಬ್ಬರು ಪೊಲೀಸರು ತೋಳು ಹಿಡಿದು ಪಕ್ಕದ ಕೋಣೆಗೆ ಕರೆದೊಯ್ದರು. ಬ್ಯಾಗನ್ನು ದಳದವರು ಬಯಲಿಗೆ ಒಯ್ದು, ದಪ್ಪ ಅಂಗಿ ತೊಟ್ಟು, ಒಂದೊಂದೇ ಹೊಲಿಗೆ ಬಿಚ್ಚಿ ನೋಡಿದರು. ದಬ್ಬಳ, ಮೇಣ ಸವರಿದ ದಾರದ ಉಂಡೆ, ದೊಡ್ಡ ಕತ್ತರಿ, ಸೀಮೆಸುಣ್ಣ, ನಾಲ್ಕು ಜೊತೆ ಬಟ್ಟೆ, ಒಂದು ಪೊಟ್ಟಣ ಚಕ್ಕುಲಿ. ಎರಡೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ವಿಮಾನ ಹೊರಟುಹೋಗಿತ್ತು. ಮುಂಬೈಯಲ್ಲಿ ಅವರ ಜೊತೆಗಾರರ ಗುಂಪು ಅವತ್ತೇ ಮುಂದೆ ಹೋಗಬೇಕಿತ್ತಂತೆ.

ಬಿಚ್ಚಿದ ಬ್ಯಾಗನ್ನು ನಾನೇ ತಂದುಕೊಟ್ಟೆ. ಅವರು ಕೂಗಾಡಲಿಲ್ಲ. ಬಿಟ್ಟುಹೋದ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಕೇಳಿದರು:

"ಏನ್ ಸಿಕ್ತು ಸಾರ್?"

"ಏನಿಲ್ಲ. ನೀವು ಹೋಗ್ಬಹುದು."

"ಮತ್ತೆ ನಾಯಿ ಯಾಕ್ ಕೂತ್ಕೊಂಡ್ತು?"

ನನಗೆ ಸುಸ್ತಾಗಿತ್ತು. ಮಾತು ಮುಗಿದರೆ ಸಾಕಾಗಿತ್ತು. "ನಾಯಿ ಸುಳ್ಳು ಹೇಳಲ್ಲ ಸಾಹೇಬ್ರೆ" ಅಂದೆ. "ನಿಮಗೆ ಗೊತ್ತಿಲ್ದೆ ಯಾರಾದ್ರೂ ಏನಾದ್ರೂ ಮುಟ್ಟಿದ ಕೈಯಲ್ಲಿ ಬ್ಯಾಗ್ ಮುಟ್ಟಿರ್ತಾರೆ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತಲೆಯಾಡಿಸಿ, ಬ್ಯಾಗನ್ನು ಮಗುವಿನ ಹಾಗೆ ಎರಡೂ ತೋಳಲ್ಲಿ ಎತ್ತಿಕೊಂಡು ಹೊರಟರು.

ಹನ್ನೊಂದನೆಯದು ಬೆಳಗಿನ ನೂಕುನುಗ್ಗಲಿನ ಹೊತ್ತಿನಲ್ಲಿ ಆಯಿತು. ಸಾಲು ಬಾಗಿಲಿನಾಚೆವರೆಗೂ ಬೆಳೆದಿತ್ತು. ತುಂಗಾ ಅಷ್ಟರಲ್ಲಾಗಲೇ ನಲವತ್ತು ನಿಮಿಷದಿಂದ ನಡೆಯುತ್ತಿದ್ದಳು. ಟೈ ಕಟ್ಟಿದ ಒಬ್ಬರು ಸೂಟ್‌ಕೇಸನ್ನು ಕಾಲಿನ ಪಕ್ಕದಲ್ಲಿಟ್ಟುಕೊಂಡು ಪೇಪರ್ ಓದುತ್ತಾ ನಿಂತಿದ್ದರು. ಅವರನ್ನು ದಾಟುವಾಗ ತುಂಗಾಳ ಕತ್ತು ಹಿಂದಕ್ಕೆ ತಿರುಗಿತು. ಬಾಯಿ ಮುಚ್ಚಿತು, ಬಾಲ ಗಟ್ಟಿಯಾಯಿತು, ಮೂಗಿನಿಂದ ಚಿಕ್ಕ ಚಿಕ್ಕ ಉಸಿರು ಎಳೆದುಕೊಳ್ಳುವ ಸದ್ದು ಬಂತು. ಮೂರು ವರ್ಷ ಜೊತೆಗಿದ್ದವನಿಗೆ ಇದರ ಅರ್ಥ ಗೊತ್ತಿಲ್ಲದೆ ಇಲ್ಲ. ಆದರೆ ನನ್ನ ಕಣ್ಣು ಮೂರು ಜನರಾಚೆ ಇತ್ತು. ಅಲ್ಲಿ ಪಂಚೆಯುಟ್ಟ ಒಬ್ಬ, ನೆಲದ ಮೇಲೆ ಗೋಣಿಚೀಲ. ನಾನು ಪಟ್ಟಿಯನ್ನು ಒಂದು ಸಲ ಜಗ್ಗಿದೆ. ತುಂಗಾ ಬಂದಳು. ಗೋಣಿಚೀಲದ ಮುಂದೆ ಕೂತಳು.

ಅದರಲ್ಲಿ ಬೆಲ್ಲ ಇತ್ತು.

ಆಗ ಟೈ ಕಟ್ಟಿದವರು ಪೇಪರ್ ಮಡಚಿದರು. ಕಂಬದ ಹಿಂದಿನಿಂದ ಇನ್‌ಸ್ಪೆಕ್ಟರ್ ಬಂದರು. ಆ ಟೈನವರು ಬೇರೆ ಠಾಣೆಯ ಅಧಿಕಾರಿಯಂತೆ. ಸೂಟ್‌ಕೇಸ್ ತೆರೆದು ತೋರಿಸಿದರು: ಬಟ್ಟೆಗಳ ನಡುವೆ ಸೀಲು ಹಾಕಿದ ಸ್ಯಾಂಪಲ್ ಪೊಟ್ಟಣ. ನನಗೆ ಹೇಳದೆ ಇಟ್ಟ ಪರೀಕ್ಷೆ.

"ಇದು ನಿಜವಾದ್ದೇ ಆಗಿದ್ದಿದ್ರೆ?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಹೆಚ್ಚು ಭಯ ಇತ್ತು.

ಸಂಜೆ ಕಚೇರಿಗೆ ಕರೆದು ಕುರ್ಚಿ ತೋರಿಸಿದರು. ನನ್ನಂಥವರಿಗೆ ಅಲ್ಲಿ ಕೂರು ಅನ್ನುವುದು ವಿರಳ. "ತಪ್ಪು ನಿಮ್ದಲ್ಲ. ನಾಯಿ ಮೂಗು ಹೋಗಿದೆ. ಎರಡು ತಿಂಗಳಲ್ಲಿ ಹನ್ನೊಂದು ಸಲ ಸುಮ್ಮನೆ ಕೂತಿದೆ, ಇದ್ದ ಒಂದನ್ನ ಬಿಟ್ಬಿಟ್ಟಿದೆ. ಇನ್ನೇನ್ ಬೇಕು? ನಿಮಗೆ ಹೊಸ ಮರಿ ಕೊಡೋಣ. ಒಂಬತ್ತು ತಿಂಗಳು ಟ್ರೈನಿಂಗ್ ಸೆಂಟರಲ್ಲಿರಿ. ಭಾನುವಾರ ರಜ. ನೀವೂ ತುಂಬಾ ಸೋತಿದ್ದೀರ." ಟೈಪ್ ಮಾಡಿದ ಹಾಳೆಯನ್ನು ನನ್ನ ಮುಂದಿಟ್ಟರು. ತುಂಗಾ ಎಂಬ ಹೆಣ್ಣು ಶ್ವಾನದ ಘ್ರಾಣಶಕ್ತಿ ಕುಂದಿರುವುದರಿಂದ ಕರ್ತವ್ಯಕ್ಕೆ ಅನರ್ಹ. ಕೆಳಗೆ ನನ್ನ ಸಹಿಗೆ ಜಾಗ. "ಸೋಮವಾರ ತಂದ್ಕೊಡಿ" ಅಂದರು.

ಅನರ್ಹವಾದ ನಾಯಿ ಮುಖ್ಯ ಕೆನಲಿನ ಹಿಂದಿನ ಸಾಲಿಗೆ ಹೋಗುತ್ತದೆ. ಯಾರಾದರೂ ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಅಲ್ಲೇ ಇರುತ್ತದೆ. ಕೆಲಸ ಮಾಡಿ ಅಭ್ಯಾಸವಾದ ನಾಯಿಗಳು ಅಲ್ಲಿ ಹೆಚ್ಚು ದಿನ ಚೆನ್ನಾಗಿರುವುದಿಲ್ಲ.

ಮುರುಗೇಶ್‌ಪಾಳ್ಯದಲ್ಲಿ ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ವಿಮಾನ ಇಳಿಯುವಾಗ ಪಾತ್ರೆಗಳು ನಡುಗುತ್ತಿದ್ದವು. ನನ್ನ ಹೆಂಡತಿಯೂ ನನ್ನಂತೆಯೇ ಯಾದಗಿರಿ ಕಡೆಯವಳು. ಹಾಳೆಯನ್ನು ಓದಿ ಅವಳ ಮುಖ ಅರಳಿತು.

"ಒಂಬತ್ತ್ ತಿಂಗಳ ರವಿವಾರ ಸೂಟಿ! ಮತ್ತ್ಯಾಕ ವಿಚಾರ ಮಾಡ್ಲಾಕತ್ತೀರಿ? ಸಹಿ ಮಾಡ್ರಿ."

ಸೂಟ್‌ಕೇಸಿನ ಹತ್ತಿರ ತುಂಗಾ ಕತ್ತು ತಿರುಗಿಸಿದ್ದನ್ನು ಅವಳಿಗೆ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಕಂಬದ ಹಿಂದೆ ನಿಂತವರಿಗೆ ಅದು ಕಾಣುವಂಥದ್ದಲ್ಲ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅಂದ್ರ, ಅದಕ್ಕ ಗೊತ್ತಾಗಿತ್ತು?"

"ಹೂಂ."

"ನೀವು ಜಗ್ಗಿದ್ರಿ?"

"ಹೂಂ."

"ಹಂಗಿದ್ರ ಅದರ ಹೆಸರ್ಲೆ ಯಾಕ ಬರೀತೀರಿ?" ಅಂದು ಮತ್ತೆ ರೊಟ್ಟಿ ಬಡಿಯತೊಡಗಿದಳು. ಆಮೇಲೆ ಆ ವಿಷಯ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಹಲಸೂರಿಗೆ ಹೋದೆ. ನನಗೂ, ಕೆ.ಆರ್. ಪುರದವನಿಗೂ, ಇನ್‌ಸ್ಪೆಕ್ಟರಿಗೂ ನಾಯಿಯ ಕೆಲಸ ಕಲಿಸಿದವರು ಅಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದ್ದರು. ಸೇನೆಯಿಂದ ನಿವೃತ್ತರಾಗಿ ಬಂದು ನಮ್ಮ ತರಬೇತಿ ನೋಡಿಕೊಂಡವರು, ಮನೆಮಾತು ತಮಿಳು. ನಾವೆಲ್ಲ ಅವರನ್ನು ಮಾಸ್ಟರ್ ಅನ್ನುತ್ತಿದ್ದೆವು. ಪೂರ್ತಿ ಕೇಳಿ, ಲೋಟದ ಕಾಫಿ ಮುಗಿಸಿ, "ಮೊದಲು ಟೆಸ್ಟ್ ಮಾಡಿದ್ರಿ ಅಂದ್ಯಲ್ಲ, ಸ್ಯಾಂಪಲ್ ಇಟ್ಟಿದ್ದು ಯಾರು?" ಅಂದರು.

"ನಾನೇ."

"ಅಯ್ಯೋ ತಂಬಿ" ಅಂದು ಎದ್ದು ಚಪ್ಪಲಿ ಮೆಟ್ಟಿದರು. ಪಕ್ಕದ ಅಂಗಡಿಯಿಂದ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದರು. ಅವರು ಬೇಡ ಅನ್ನುವಂತಿರಲಿಲ್ಲ.

ಕೆನಲಿನ ಅಂಗಳದಲ್ಲಿ ಏಳು ಡಬ್ಬಿ. ಸ್ಯಾಂಪಲ್ಲಿನ ಬೀಗದಕೈ ಅವತ್ತು ಕೆ.ಆರ್. ಪುರದವನ ಹತ್ತಿರ ಇತ್ತು. ನನ್ನನ್ನು ಗೇಟಿನಾಚೆ ನಿಲ್ಲಿಸಿ ಮಾಸ್ಟರೂ ಅವನೂ ಇಬ್ಬರೇ ಡಬ್ಬಿ ಜೋಡಿಸಿದರು. ಮಾಸ್ಟರ್ ಬಂದು ನನ್ನ ಕಿವಿಯಲ್ಲಿ, "ಮೂರನೇದ್ರಲ್ಲಿದೆ. ನೀನು ಏನೂ ಮಾಡ್ಬೇಡ, ಸುಮ್ನೆ ನಡಿ" ಅಂದರು.

ನಾನು ಏನೂ ಮಾಡಲಿಲ್ಲ. ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ಪಟ್ಟಿ ಸಡಿಲವಾಗಿ ಬಿಟ್ಟು, ಮುಂದೆ ನೋಡಿಕೊಂಡು ನಡೆದೆ. ತುಂಗಾ ಒಂದು, ಎರಡು ಮೂಸಿ ಮೂರರ ಮುಂದೆ ಕೂತಳು. ನಾನು ಜೇಬಿನಿಂದ ಬಾಲು ತೆಗೆಯುತ್ತಿದ್ದೆ. "ಕೊಡ್ಬೇಡ" ಅಂದರು ಮಾಸ್ಟರ್. ಡಬ್ಬಿಯ ಮುಚ್ಚಳ ತೆಗೆದರು. ಖಾಲಿ.

"ಈ ಸಲ ಆರು" ಅಂದರು. ಸುಳ್ಳಿರಬಹುದು ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದರೂ ಅವಳು ಆರರ ಮುಂದೆ ಕೂತಳು. ಖಾಲಿ.

ಮೂರನೆಯ ಸಲ ಕೆನಲ್ ಗುಡಿಸುವ ಹೆಂಗಸನ್ನು ಕರೆದು ಡಬ್ಬಿಗಳನ್ನು ಮನಸ್ಸಿಗೆ ಬಂದಂತೆ ಅದಲುಬದಲು ಮಾಡಿಸಿ, ಅವರನ್ನು ಆಚೆ ಕಳಿಸಿದರು. ಎಲ್ಲಿದೆ ಅಂತ ಈಗ ಅಂಗಳದಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಪಟ್ಟಿಯನ್ನು ನನ್ನ ಕೈಯಿಂದ ಬಿಡಿಸಿ ಕೆ.ಆರ್. ಪುರದವನಿಗೆ ಕೊಟ್ಟರು. ಅವನು ಎಂದಿನಂತೆ ಗುನುಗಿಕೊಂಡು ನಡೆದ. ತುಂಗಾ ಐದನೆಯ ಡಬ್ಬಿ ದಾಟಿ ಅರ್ಧ ಹೆಜ್ಜೆ ಹೋಗಿ, ಕತ್ತು ತಿರುಗಿಸಿ, ವಾಪಸು ಬಂದು ಕೂತಳು. ಮುಚ್ಚಳ ತೆಗೆದರು. ಇತ್ತು. ಮತ್ತೆ ಎರಡು ಸಲ ಅದಲುಬದಲು ಮಾಡಿದರು, ಎರಡು ಸಲವೂ ಸರಿಯಾಗಿ ಹಿಡಿದಳು. ಮೂಗು ಎಲ್ಲಿಗೂ ಹೋಗಿರಲಿಲ್ಲ.

ಮಾಸ್ಟರ್ ನನ್ನನ್ನು ಹುಣಸೆಮರದ ನೆರಳಿಗೆ ಕರೆದುಕೊಂಡು ಹೋದರು. "ನಿನ್ನ ಎಡಗಾಲು ನೋಡಿದೆ. ನೀನು ಅಂದ್ಕೊಂಡ ಜಾಗ ಬರೋಕೆ ಮುಂಚೆ ಹೆಜ್ಜೆ ಗಿಡ್ಡ ಆಗುತ್ತೆ. ಉಸಿರು ಹಿಡ್ಕೊಳ್ತೀಯ. ಅದಕ್ಕೆ ಅಷ್ಟು ಸಾಕು ಪಾ. ಬಾಂಬ್ ಹುಡುಕೋದು ಬಿಟ್ಟು ನಿನ್ನ ಮನಸ್ಸಲ್ಲಿ ಏನಿದೆ ಅಂತ ಹುಡುಕ್ತಿದೆ. ಕೂತ್ರೆ ನೀನು ಬಾಲ್ ಬೇರೆ ಕೊಡ್ತೀಯ."

ಆಮೇಲೆ ರಿಜಿಸ್ಟರ್ ತರಿಸಿದರು. ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರು. ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ. ಬಟ್ಟೆಗಂಟು. ಗೊಬ್ಬರದ ಚೀಲ. ರೆಕ್ಸಿನ್ ಬ್ಯಾಗ್. ಗೋಣಿಚೀಲ. ಹನ್ನೊಂದನ್ನೂ ಓದಿ ಮುಗಿಸಿ ಕನ್ನಡಕ ತೆಗೆದರು.

"ಒಂದಾದ್ರೂ ಒಳ್ಳೆ ಸೂಟ್‌ಕೇಸ್ ಇದೆಯಾ ತಂಬಿ?"

ಇರಲಿಲ್ಲ.

"ನಾಯಿಗೆ ಟೋಪಿ ಗೊತ್ತಾ? ಗಡ್ಡ ಗೊತ್ತಾ? ಯಾರು ಬಡವ ಅಂತ ಗೊತ್ತಾ?"

ಕೆ.ಆರ್. ಪುರದವನು ದೂರದಲ್ಲಿ ತುಂಗಾಳಿಗೆ ಬಾಲು ಎಸೆಯುತ್ತಿದ್ದ. ಅವಳು ಬಿರಿದ ಪಾದದಲ್ಲೇ ಕುಣಿಯುತ್ತಿದ್ದಳು. ಕೆಲಸ ಸಿಕ್ಕಾಗ ನಾನು ಈ ಊರಿಗೆ ಬಂದದ್ದು ಹಗ್ಗ ಬಿಗಿದ ತಗಡಿನ ಟ್ರಂಕು ಹೊತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಒಬ್ಬ ಪೊಲೀಸು ನನ್ನನ್ನೇ ನಿಲ್ಲಿಸಿ ಟ್ರಂಕು ಬಿಚ್ಚಿಸಿದ್ದ. ಅದೆಲ್ಲ ನೆನಪಿತ್ತು. ನೆನಪಿದ್ದೂ ಈ ಕೆಲಸ ಮಾಡಿದ್ದೆ.

ಸೋಮವಾರ ಆ ಟೈಪ್ ಮಾಡಿದ ಹಾಳೆಗೆ ಸಹಿ ಹಾಕದೆ, ಬೇರೆ ಹಾಳೆಯಲ್ಲಿ ಕೈಬರಹದಲ್ಲಿ ಬರೆದುಕೊಂಡು ಹೋದೆ. ಸೂಟ್‌ಕೇಸಿನ ಹತ್ತಿರ ನಾಯಿ ಸೂಚನೆ ಕೊಟ್ಟಿತ್ತು, ನಾನು ಎಳೆದೆ. ಹನ್ನೊಂದು ಸಲವೂ ನಾಯಿ ಕೂತಿದ್ದು ನನ್ನ ಅನುಮಾನದಿಂದ. ಶ್ವಾನಕ್ಕೆ ದೋಷವಿಲ್ಲ. ಅರ್ಧ ಪುಟವೂ ಆಗಲಿಲ್ಲ. ಬರೆಯಲು ಮಾತ್ರ ಬೆಳಗಿನ ಜಾವದಿಂದ ಏಳು ಗಂಟೆಯವರೆಗೆ ಹಿಡಿದಿತ್ತು.

ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. "ಇದನ್ನ ಫೈಲ್‌ಗೆ ಹಾಕಿದ್ರೆ ನಿಮ್ಮ ಕೈಗೆ ಮತ್ತೆ ನಾಯಿ ಬರಲ್ಲ. ಗೊತ್ತಾ?"

"ಗೊತ್ತು ಸಾರ್."

"ಹನ್ನೊಂದಕ್ಕೂ ನಾನೂ ಮೇಲೆ ಉತ್ತರ ಕೊಡ್ಬೇಕು. ಆ ಟೆಸ್ಟ್‌ಗೆ ಸಹಿ ಹಾಕಿದ್ದು ನಾನು."

"ಹೌದು ಸಾರ್."

"ಸುಮ್ನೆ ಸಹಿ ಹಾಕಿ ಮರಿ ತಗೊಂಡು ಹೋಗೋಕೆ ಏನ್ರೀ ಕಷ್ಟ ಆಗಿತ್ತು ನಿಮಗೆ?" ಅಂದರು. ಉತ್ತರಕ್ಕೆ ಕಾಯದೆ ಹಾಳೆಯನ್ನು ಫೈಲಿಗೆ ಸಿಕ್ಕಿಸಿದರು. ಅವರು ಅದನ್ನು ಹರಿದು ಹಾಕಬಹುದಿತ್ತು. ಹರಿಯಲಿಲ್ಲ ಅನ್ನುವುದನ್ನೂ ಹೇಳಬೇಕು.

ನನ್ನನ್ನು ಕೆನಲಿನ ಸ್ಟೋರಿಗೆ ಹಾಕಿದರು. ಒಂದು ವರ್ಷದ ಇನ್‌ಕ್ರಿಮೆಂಟ್ ತಡೆಹಿಡಿದರು. ಕೆ.ಆರ್. ಪುರದವನ ನಾಯಿಗೆ ವಯಸ್ಸಾಗಿತ್ತು; ತುಂಗಾಳನ್ನು ಅವನಿಗೆ ಕೊಟ್ಟರು. ಹೊಸ ಹ್ಯಾಂಡ್ಲರಿಗೆ ಹೊಂದಿಕೊಳ್ಳುವವರೆಗೆ ನಾನು ಅವಳ ಕಣ್ಣಿಗೆ ಬೀಳಬಾರದು ಅಂತ ಮಾಸ್ಟರ್ ಹೇಳಿದ್ದರು. ಮೂರು ವಾರ ಅವಳ ಗೂಡಿನ ಸಾಲು ತಪ್ಪಿಸಿ, ಹಿಂದಿನ ಗೋಡೆ ಸುತ್ತಿ ಸ್ಟೋರಿಗೆ ಹೋಗುತ್ತಿದ್ದೆ. ಮೊದಲ ವಾರ ನನ್ನ ಬೂಟಿನ ಸದ್ದಿಗೇ ಅವಳು ಕೂಗುತ್ತಿದ್ದಳು. ಆಮೇಲೆ ನಿಲ್ಲಿಸಿದಳು.

ಪ್ರತಿ ವಾರ ಯಾರಿಗೂ ಹೇಳದೆ ಸ್ಯಾಂಪಲ್ ಅಡಗಿಸಿ ಪರೀಕ್ಷೆ ಮಾಡುವ ಪದ್ಧತಿ ಶುರುವಾಯಿತು. ಅಡಗಿಸುವ ಕೆಲಸ ನನ್ನದು. ಒಂದು ದಿನ ಕೆ.ಆರ್. ಪುರದವನು ಊಟದ ಡಬ್ಬಿ ಹಿಡಿದುಕೊಂಡು ಸ್ಟೋರಿಗೆ ಬಂದ. ಅವತ್ತು ನಾನು ಸ್ಯಾಂಪಲ್ಲನ್ನು ಒಬ್ಬ ದೊಡ್ಡ ಅಧಿಕಾರಿಯ ಲ್ಯಾಪ್‌ಟಾಪ್ ಬ್ಯಾಗಿನಲ್ಲಿಟ್ಟು ಕಳಿಸಿದ್ದೆ.

"ಹಿಡಿದ್ಬಿಟ್ಲು ಮಗಾ. ಅವ್ರನ್ನ ದಾಟಿ ಹೋಗಿದ್ಲು, ಪಟ್ಟ ಅಂತ ತಿರುಗಿದ್ಲು. ನಾನೇನೂ ಮಾಡ್ಲಿಲ್ಲ, ಸುಮ್ನೆ ನಿಂತ್ಕೊಂಡೆ ಅಷ್ಟೆ."

ಅವನ ಡಬ್ಬಿಯಿಂದ ಒಂದು ಮುದ್ದೆ ನನ್ನ ತಟ್ಟೆಗೆ ಹಾಕಿದ. ಇಬ್ಬರೂ ಕೂತು ತಿಂದೆವು.

ಇನ್ನೊಂದು ಕೆಲಸ ಬಾಕಿಯಿತ್ತು. ರಿಜಿಸ್ಟರಿನಿಂದ ಶಿವಾಜಿನಗರದವರ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಹೋಗಬೇಕು, ಹೋಗಬೇಕು ಅಂದುಕೊಂಡೇ ನಾಲ್ಕು ತಿಂಗಳು ಕಳೆದವು. ಮೊದಲು ಭಯ, ಆಮೇಲೆ ಆಲಸ್ಯ, ಆಮೇಲೆ ಈಗ ಹೋಗಿ ಏನು ಪ್ರಯೋಜನ ಎಂಬ ಲೆಕ್ಕಾಚಾರ. ಕೊನೆಗೆ ಒಂದು ರಜೆಯ ದಿನ ಬೆಳಿಗ್ಗೆ ಸಾದಾ ಅಂಗಿ ತೊಟ್ಟು ಬಸ್ಸು ಹತ್ತಿದೆ.

ಹಳೆ ಕಾರಿನ ಸಾಮಾನು ಮಾರುವ ಗಲ್ಲಿ. ಅಂಗಡಿಯ ಮುಂದೆಯೇ ಅವರು ಒಂದು ಕಾರಿನ ಸೀಟಿಗೆ ಹೊದಿಕೆ ಎಳೆದು ಕೂರಿಸುತ್ತಿದ್ದರು. ಗಲ್ಫಿಗೆ ಹೋದರೋ ಇಲ್ಲವೋ ಎಂದು ಕೇಳುವ ಅಗತ್ಯ ಬೀಳಲಿಲ್ಲ. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಹಿಡಿದ ಕೂಡಲೇ ಎದ್ದು ನಿಂತು ಕೈಗಳನ್ನು ಅಂಗಿಗೆ ಒರೆಸಿಕೊಂಡರು.

"ಏನ್ ಸಾರ್, ಮತ್ತೇನಾದ್ರೂ ಸಿಕ್ತಾ?"

"ಇಲ್ಲ. ಅವತ್ತೂ ಏನೂ ಇರ್ಲಿಲ್ಲ. ನಾಯಿ ಕೂತಿದ್ದು ನನ್ನಿಂದ. ನಾನು ನಿಮ್ಮ ಮೇಲೆ ಅನುಮಾನಪಟ್ಟೆ, ಅದು ನಾಯಿಗೆ ಗೊತ್ತಾಗಿ ಕೂತ್ಕೊಂಡ್ತು. ನಿಮ್ಮ ಬ್ಯಾಗಿಗೆ ಏನೂ ತಾಗಿರ್ಲಿಲ್ಲ. ನಾನು ಅವತ್ತು ಹೇಳಿದ್ದು ತಪ್ಪು."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಸೀಟಿನ ಮೇಲೆ ಕುಸಿದು ಕೂತರು.

"ಏನೂ ಇರ್ಲಿಲ್ವಾ? ಯಾರೂ ಏನೂ ಮುಟ್ಟಿರ್ಲಿಲ್ವಾ?"

"ಇಲ್ಲ."

"ಆ ಬ್ಯಾಗ್ ತುಂಬಿದ್ದು ನನ್ನ ಭಾಮೈದ ಸಾರ್" ಅಂದರು. "ನನ್ನ ಹೆಂಡ್ತಿ ತಮ್ಮ. ಹಿಂದಿನ ದಿನ ಬಂದು ಎಲ್ಲ ಅವನೇ ಜೋಡಿಸಿದ್ದ. ನೀವು ಹೇಳಿದ್ರಲ್ಲ, ಯಾರಾದ್ರೂ ಮುಟ್ಟಿರ್ತಾರೆ ಅಂತ. ಮನೆಗೆ ಬಂದು ಅವನನ್ನೇ ಕೇಳ್ದೆ, ನೀನು ಯಾರ ಜೊತೆ ಓಡಾಡ್ತೀಯ, ಕೈಯಲ್ಲಿ ಏನಿತ್ತು ಅಂತ. ಎಲ್ಲರ ಮುಂದೆ ಕೇಳ್ದೆ. ಅವತ್ತಿಂದ ಅವನು ನಮ್ಮನೆ ಮೆಟ್ಲು ಹತ್ತಿಲ್ಲ. ನನ್ನ ಹೆಂಡ್ತಿ ನನ್ನ ಜೊತೆ ಸರಿಯಾಗಿ ಮಾತಾಡಲ್ಲ."

ಅವರು ಎದ್ದು ನನ್ನ ಮಣಿಕಟ್ಟು ಹಿಡಿದರು. ದಬ್ಬಳ ಹಿಡಿದು ಗಟ್ಟಿಯಾದ ಕೈ.

"ಇದನ್ನ ಅವನ ಮುಂದೆ ಹೇಳಿ. ಬನ್ನಿ."

ಗಲ್ಲಿಯ ಇನ್ನೊಂದು ತುದಿಯಲ್ಲಿ ಭಾಮೈದನ ರೆಕ್ಸಿನ್ ಅಂಗಡಿ. ಗಿರಾಕಿಗಳು ಇಬ್ಬರು ಮೂವರು ಇದ್ದರು. ನಮ್ಮನ್ನು ನೋಡಿ ಆತ ಮುಖ ತಿರುಗಿಸಿ ಅಳತೆ ಮಾಡುವುದನ್ನು ಮುಂದುವರಿಸಿದ. "ಜರಾ ಸುನೋ" ಅಂದರು ಇವರು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ: ನಾನು ಯಾರು, ಅವತ್ತು ಏನಾಯಿತು, ತಪ್ಪು ಯಾರದು. ಗಿರಾಕಿಗಳೂ ನಿಂತು ಕೇಳಿದರು.

ಆತ ಅಳತೆಕೋಲನ್ನು ಕೆಳಗಿಟ್ಟ.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ನಾಲ್ಕು ತಿಂಗಳಾಯ್ತು."

"ನಾಲ್ಕು ತಿಂಗಳು" ಅಂದ ಆತ. ಸ್ವಲ್ಪ ಹೊತ್ತು ರೆಕ್ಸಿನ್ನಿನ ಮೇಲಿದ್ದ ಸೀಮೆಸುಣ್ಣದ ಗೆರೆಯನ್ನು ಹೆಬ್ಬೆರಳಿನಿಂದ ಒರೆಸುತ್ತಾ ನಿಂತ. ಆಮೇಲೆ ಒಳಗಿನಿಂದ ಒಂದು ಸ್ಟೂಲು ಎಳೆದು ತಂದು ಭಾವನ ಹತ್ತಿರ ಇಟ್ಟು, "ಬೈಠೋ ದುಲೇಭಾಯ್" ಅಂದ.

ಅವರು ಕೂತರು. ಯಾರೋ ಟೀ ತರಲು ಹೋದರು. ನಾನು ಅಂಗಡಿಯ ಮೆಟ್ಟಿಲ ಕೆಳಗೆ ನಿಂತಿದ್ದೆ. ಅವರಿಬ್ಬರೂ ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಮಾತಾಡತೊಡಗಿದರು, ನಡುವೆ ಒಬ್ಬರು ಕಣ್ಣೊರೆಸಿಕೊಂಡರು. ಟೀ ಎರಡೇ ಲೋಟ ಬಂತು. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ.